ಒಂದೇ ದಿನ ಮೂರು ಮನೆಯ ಎಲೆ

ಮನೆ ನೋಡಲು ಹೋದವನು ಮನೆಯನ್ನು ನೋಡಬೇಕು. ಇಷ್ಟು ಸಣ್ಣ ಕೆಲಸ ನನ್ನಿಂದ ಆಗಲಿಲ್ಲ. ಕಟ್ಟೆ ನೋಡಿದೆ, ಕಟ್ಟೆಯ ಮೇಲೆ ಕೂತ ಯಜಮಾನರನ್ನು ನೋಡಿದೆ, ಅವರು ತರಿಸಿಕೊಟ್ಟ ಮಂಡಕ್ಕಿಯ ತಟ್ಟೆಯ ತಳವನ್ನೂ ಚೆನ್ನಾಗಿ ನೋಡಿದೆ. ಒಳಗೆ ಹೋಗಿ ಮನೆ ನೋಡಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ದಡ್ಡ ಅನ್ನಿಸಿಕೊಂಡು ಬದುಕುತ್ತಿದ್ದೆ. ದಡ್ಡರಿಗೆ ನಮ್ಮ ಮನೆತನದಲ್ಲಿ ಎಂದೂ ಜಾಗದ ಕೊರತೆಯಾಗಿಲ್ಲ. ಆದರೆ ನಾನು ಆ ತಪ್ಪನ್ನು ಎತ್ತಿ ಅಕ್ಕನ ತಲೆಯ ಮೇಲೆ ಇಟ್ಟೆ. ಅವಳು ಅದನ್ನು ತನ್ನದೇ ಎಂದುಕೊಂಡು ಹೊತ್ತಳು. ನಾನು ನಲವತ್ತು ವರ್ಷ ಅವಳ ಪಕ್ಕದಲ್ಲೇ ಕೈಬೀಸಿಕೊಂಡು ನಡೆದೆ.

ಹೋದ ವಾರ ಹೊಸಪೇಟೆಗೆ, ಅಕ್ಕನ ಮನೆಗೆ ಹೋಗಿದ್ದೆ. ಅವಳು ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿದ್ದಾಳೆ. ಬಾಡಿಗೆಗೆ ಕೊಡುತ್ತಾಳಂತೆ, ನೋಡಲು ಬರುವವರ ಮುಖ ನೋಡಿ ಹೇಳಲು ನಾನು ಬೇಕಂತೆ. ಮೆಟ್ಟಿಲು ಹತ್ತುತ್ತಿದ್ದಂತೆ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಈ ವಾಸನೆಗೆ ನಿಮಗೆ ಹಬ್ಬ ನೆನಪಾಗಬಹುದು, ಹೊಸ ಮದುವೆ ನೆನಪಾಗಬಹುದು. ನನಗೆ ಎಲೆ-ಅಡಿಕೆ ನೆನಪಾಗುತ್ತದೆ, ಅದು ನೆನಪಾದ ಕೂಡಲೇ ಹೊಟ್ಟೆ ತೊಳಸುತ್ತದೆ. ಅಕ್ಕ ಕೆಳಗಿನಿಂದ ಗೋಡೆ ಒಣಗಿದೆಯೋ ಇಲ್ಲವೋ ಮುಟ್ಟಿ ನೋಡು ಎಂದು ಕೂಗಿದಳು. ನಾನು ಮುಟ್ಟಿದೆ. ಒಣಗಿರಲಿಲ್ಲ. ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಒಣಗಿದೆ ಎಂದು ಹೇಳಿದೆ. ನನ್ನ ಸ್ವಭಾವ ಎಂಥದ್ದು ಎಂಬುದು ನಿಮಗೆ ಇಲ್ಲಿಯೇ ತಿಳಿಯಬಹುದು.

ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಎರಡು ಸಲ. ಇದನ್ನು ಬರೆದ ಮೇಲೆ ಮೊಮ್ಮಗಳು ಒತ್ತಕ್ಷರ ತಿದ್ದಿಕೊಟ್ಟಿದ್ದಾಳೆ. ಅವಳು ಮಾತನ್ನು ತಿದ್ದಿಲ್ಲ, ಆದ್ದರಿಂದ ದೋಷವೆಲ್ಲ ನನ್ನದೇ.

ನಮ್ಮದು ಕಂಪ್ಲಿ. ಅಕ್ಕ ಗಂಗವ್ವನನ್ನು ಎಮ್ಮಿಗನೂರಿಗೆ ಕೊಟ್ಟಿದ್ದರು. ಅದು ತುಂಬಿದ ಮನೆ. ಒಂದು ಹೊತ್ತಿಗೆ ಹದಿನಾರು ಎಲೆ ಬೀಳುತ್ತಿತ್ತು. ಅಡುಗೆಮನೆ ಮಾತ್ರ ನಮ್ಮ ದನದ ಕೊಟ್ಟಿಗೆಗಿಂತ ಚಿಕ್ಕದು. ಅದಕ್ಕೆ ಕಿಟಕಿ ಇರಲಿಲ್ಲ. ಭತ್ತದ ಹೊಟ್ಟು, ಕಬ್ಬಿನ ಹಸಿ ಸೋಗೆ, ಸಗಣಿಯ ಕುಳ್ಳು, ಸಿಕ್ಕಿದ್ದನ್ನೆಲ್ಲ ಒಲೆಗೆ ಹಾಕುತ್ತಿದ್ದರು. ಹೊಗೆಗೆ ಹೋಗಲು ಬೇರೆ ದಾರಿ ಇಲ್ಲದೆ ಅದು ಅಕ್ಕನ ಕಣ್ಣಿನಲ್ಲಿ ವಾಸ ಮಾಡುತ್ತಿತ್ತು. ಕಂಪ್ಲಿಗೆ ಬಂದಾಗಲೂ ಅವಳ ಕಣ್ಣು ಕೆಂಪಗೆ ಇರುತ್ತಿತ್ತು. ಅತ್ತೆ ಬಯ್ದರೇ ಎಂದು ಅವ್ವ ಕೇಳಿದರೆ, ಅತ್ತೆ ಒಳ್ಳೆಯವರು, ಒಲೆಯೇ ಕೆಟ್ಟದ್ದು ಎಂದು ನಗುತ್ತಿದ್ದಳು.

ಅದು ಮದ್ರಾಸಿನ ಆಳಿಕೆಯ ಕೊನೆಕೊನೆಯ ಕಾಲ. ಹೊಸಪೇಟೆಯ ಹತ್ತಿರ ಹೊಳೆಗೆ ಅಡ್ಡ ಕಟ್ಟುವ ಡ್ಯಾಮಿನ ಕೆಲಸ ಶುರುವಾಗಿತ್ತು. ಅಕ್ಕನ ಗಂಡ ಶಿವಲಿಂಗಪ್ಪನಿಗೆ ಅಲ್ಲಿ ಸಿಮೆಂಟಿನ ಚೀಲಗಳ ಲೆಕ್ಕ ಇಡುವ ಕೆಲಸ ಸಿಕ್ಕಿತು. ನಮ್ಮ ಕಡೆ ಅಕ್ಕನ ಗಂಡನನ್ನು ಮಾವ ಎನ್ನುತ್ತೇವೆ. ಮಾವ ಎತ್ತರದ ಆಳು, ಮಾತು ಕಡಿಮೆ. ಎದುರು ಯಾರಾದರೂ ಜಗಳವಾಡಿದರೆ ತಾವೇ ತಪ್ಪಿತಸ್ಥರಂತೆ ನೆಲ ನೋಡುವವರು. ಅವರು ಹೊಸಪೇಟೆಯಲ್ಲಿ ಮನೆ ಮಾಡಬೇಕಾಯಿತು. ಆಗಿನ ಹೊಸಪೇಟೆ ಎಂದರೆ ನನ್ನ ಪಾಲಿಗೆ ಅದೇ ಮದ್ರಾಸು. ಡ್ಯಾಮಿನ ಓವರ್‌ಸಿಯರುಗಳು, ಕಲ್ಲು ಒಡೆಯುವವರು, ಸಂಡೂರಿನ ಅದಿರಿನ ವ್ಯವಹಾರದವರು, ತಮಿಳು ಮಾತಾಡುವ ಗುಮಾಸ್ತರು, ಎಲ್ಲರೂ ಒಟ್ಟಿಗೆ ಬಂದು ಮನೆ ಮನೆ ಎನ್ನುತ್ತಿದ್ದರು. ಕೋಳಿಗೂಡಿಗೆ ಸುಣ್ಣ ಬಳಿದು ಒಬ್ಬ ಮೇಸ್ತ್ರಿಗೆ ಕೊಟ್ಟಿದ್ದಾರೆ ಎಂಬ ಸುದ್ದಿ ಕಂಪ್ಲಿಯವರೆಗೆ ಬಂದಿತ್ತು.

ಮಾವನಿಗೆ ರಜೆ ಇಲ್ಲ. ನನಗೆ ಕೆಲಸ ಇಲ್ಲ. ಹಾಗಾಗಿ ಮನೆ ಹುಡುಕಲು ನನ್ನನ್ನು ಆರಿಸಿದರು. ಐದು ರೂಪಾಯಿಗಿಂತ ಹೆಚ್ಚಿನ ಬಾಡಿಗೆ ಆಗದು ಎಂದು ಮಾವ ಹೇಳಿ ಕಳಿಸಿದರು. ಮನೆ ಸಿಗುವ ತನಕ ಕಂಪ್ಲಿಯಲ್ಲಿ ಇರಲು ಬಂದಿದ್ದ ಅಕ್ಕ ಹೇಳಿದ್ದು ಒಂದೇ.

"ಅಡಿಗಿಮನಿಗೆ ಒಂದು ಕಿಟಕಿ ಇರಬೇಕು ತಮ್ಮಾ. ಬ್ಯಾರೆ ಏನೂ ಬ್ಯಾಡ. ಒಳಗ ಹೋಗಿ ನಿನ್ನ ಕಣ್ಣಿಂದ ನೋಡ್ಕೊಂಡು ಬಾ. ಮಂದಿ ಹೇಳಿದ್ದು ಕೇಳ್ಕೊಂಡು ಬರಬ್ಯಾಡ."

ನಾನು ಹೂಂ ಎಂದೆ. ಹೂಂ ಎನ್ನುವುದರಲ್ಲಿ ನಾನು ಚಿಕ್ಕಂದಿನಿಂದ ಹುಷಾರು.

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳಿಗೆ ಇದ್ದಲಿನ ಒಲೆ ಕಟ್ಟಿದ್ದರು. ಕಂಪ್ಲಿಯಿಂದ ಹೊಸಪೇಟೆಗೆ ಅಂಥದ್ದೊಂದು ಬಸ್ಸು ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ಅದರ ಮೇಲಿನ ಗೌರವಕ್ಕೆ. ಕಮಲಾಪುರದ ಏರಿನಲ್ಲಿ ನಾವೆಲ್ಲ ಇಳಿದು ತಳ್ಳಿದೆವು. ದೂರಕ್ಕೆ ಹಂಪಿಯ ಬಂಡೆಗಳು ಕಾಣುತ್ತಿದ್ದವು. ಅವನ್ನು ನೋಡಿದ ಒಬ್ಬ ಪ್ರಯಾಣಿಕ, ಅಷ್ಟು ದೊಡ್ಡ ಊರು ಖಾಲಿ ಬಿದ್ದಿದೆ, ಬಾಡಿಗೆಗೆ ಯಾರೂ ಕೇಳುತ್ತಿಲ್ಲ ಎಂದು ನಿಟ್ಟುಸಿರು ಬಿಟ್ಟ. ಅವನೂ ಮನೆ ಹುಡುಕಲು ಹೊರಟವನೇ. ಹೊಸಪೇಟೆ ಸೇರುವ ಹೊತ್ತಿಗೆ ನನ್ನ ಮುಖ ಇದ್ದಲಿನಂತೆಯೂ ಹೊಟ್ಟೆ ಖಾಲಿ ಮನೆಯಂತೆಯೂ ಆಗಿತ್ತು. ಮುಂದೆ ಆದದ್ದಕ್ಕೆಲ್ಲ ಈ ಹೊಟ್ಟೆಯದೂ ಒಂದು ಪಾಲಿದೆ.

ಊರು ಹೊಗುವ ದಾರಿಯಲ್ಲೇ ರುದ್ರಪ್ಪನವರ ಮನೆ. ಹಣೆಯ ತುಂಬ ವಿಭೂತಿ, ಕಟ್ಟೆಯ ತುಂಬ ಅವರೇ. ಮನೆ ಇದೆಯೇ ಎಂದು ಕೇಳಿದ್ದಕ್ಕೆ, ಯಾರ ಪೈಕಿ ಎಂದು ಕೇಳಿದರು. ಹೇಳಿದೆ. ತಾಯಿಯ ತವರು ಯಾವುದು? ಹೇಳಿದೆ. ಅಜ್ಜಿಯ ತವರು? ಹೀಗೆ ಹಿಂದೆ ಹಿಂದೆ ಹೋಗುತ್ತ, ಮರಿಯಮ್ಮನಹಳ್ಳಿಯ ಒಬ್ಬ ಮುದುಕಿಯ ಹತ್ತಿರ ಅವರ ವಂಶವೂ ನನ್ನ ವಂಶವೂ ಕೂಡಿಕೊಂಡವು. ನಾನು ಅವರಿಗೆ ದೂರದಿಂದ ಅಳಿಯನಾಗಬೇಕಂತೆ. ಕೂಡಲೇ ಮಂಡಕ್ಕಿ ಒಗ್ಗರಣೆ ಬಂತು, ಮೆಣಸಿನಕಾಯಿ ಬಂತು, ಚಹಾ ಬಂತು. ಸಂಬಂಧ ಸಿಕ್ಕ ಮೇಲೆ ಅಡುಗೆಮನೆಗೆ ಕಿಟಕಿ ಇದೆಯೇ ಎಂದು ಕೇಳುವುದು ಹೇಗೆ, ನೀವೇ ಹೇಳಿ. ಒಳಗೆ ಬಾ, ಮನೆ ನೋಡು ಎಂದು ಅವರೇ ಕರೆದರು. ಒಳಗೆ ಹೆಂಗಸರ ಬಳೆ ಸದ್ದು ಕೇಳುತ್ತಿತ್ತು. ನನಗಾಗ ಹತ್ತೊಂಬತ್ತು ವರ್ಷ, ಬಳೆ ಸದ್ದಿಗೆ ಕಿವಿ ಕೆಂಪಾಗುವ ವಯಸ್ಸು.

"ಇರ್ಲಿ ಬಿಡ್ರಿ ಮಾವ," ಎಂದೆ. "ನೀವು ಹೇಳಿದ ಮ್ಯಾಲೆ ನೋಡೋದೇನೈತಿ."

ಅವರಿಗೆ ಬಹಳ ಸಂತೋಷವಾಯಿತು. ತಟ್ಟೆ ತರಿಸಿ, ತಮ್ಮ ಕೈಯಿಂದಲೇ ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ ಕೊಟ್ಟರು. ಬಾಯಿಗೆ ಹಾಕಿಕೊಂಡೆ. ಬಾಡಿಗೆ ಐದು, ಬರುವ ಸೋಮವಾರ ಬನ್ನಿ ಎಂದರು. ಎಲೆ-ಅಡಿಕೆ ಜಗಿಯುವವರ ಕಷ್ಟ ನಿಮಗೆ ಗೊತ್ತಿರಬೇಕು. ಬಾಯಿ ತುಂಬ ರಸ ಇದ್ದಾಗ ಮನುಷ್ಯ ಇಲ್ಲ ಎನ್ನಲಾರ; ಗದ್ದ ಸ್ವಲ್ಪ ಮೇಲೆತ್ತಿ ತಲೆ ಆಡಿಸಬಲ್ಲ, ಅಷ್ಟೇ. ನಾನು ಆಡಿಸಿದೆ. ಮನೆ ಹೇಗಿದೆಯೋ ನೋಡೋಣ, ಇನ್ನೂ ಒಂದೆರಡು ಕಡೆ ಕೇಳೋಣ ಎಂದು ನನ್ನ ಮನಸ್ಸಿನಲ್ಲಿತ್ತು. ಮನಸ್ಸಿನಲ್ಲಿದ್ದದ್ದು ತಲೆ ಆಡಿಸುವುದರಲ್ಲಿ ಕಾಣುವುದಿಲ್ಲ.

ಬಜಾರಿನ ಹಿಂದೆ ಪಂಪಣ್ಣನೆಂಬ ಶೇಂಗಾ ವ್ಯಾಪಾರಿಯ ಮನೆ ಖಾಲಿ ಇದೆ ಎಂದು ಯಾರೋ ಹೇಳಿದರು. ಅಲ್ಲಿಗೆ ಹೋದೆ. ಪಂಪಣ್ಣ ನಗುಮುಖದ ಮನುಷ್ಯ. ಹುರಿದ ಶೇಂಗಾ, ಬೆಲ್ಲ ಮುಂದಿಟ್ಟ. ಬಾಡಿಗೆ ನಾಲ್ಕೂವರೆ ಎಂದ. ಮನೆಯಲ್ಲಿ ಸ್ವಲ್ಪ ಸಾಮಾನು ಇದೆ, ನಿಧಾನಕ್ಕೆ ತೆಗೆಸುತ್ತೇನೆ ಎಂದ. ಬೀಗದ ಕೈ ಹೆಂಡತಿಯ ಸೊಂಟದಲ್ಲಿದೆ, ಹೆಂಡತಿ ಬಾಣಂತನಕ್ಕೆ ಮಗಳ ಊರಿಗೆ ಹೋಗಿದ್ದಾಳೆ, ಮನೆಯ ಹೊರಗಿನ ಗೋಡೆ ನೋಡು ಎಷ್ಟು ದಪ್ಪ ಎಂದ. ಗೋಡೆ ದಪ್ಪವಾಗಿಯೇ ಇತ್ತು. ಅಷ್ಟರಲ್ಲಿ ಎಲೆ ಬಂತು. ಜೊತೆಗೆ ತಂಬಾಕಿನ ಎಸಳು. ಇಲ್ಲಿ ತಲೆ ನಾನು ಆಡಿಸಿದ್ದಲ್ಲ, ತಂಬಾಕಿಗೆ ಅದೇ ತಿರುಗಿತು. ಪಂಪಣ್ಣ ಒಪ್ಪಿಗೆ ಎಂದು ತಿಳಿದ.

ಮೂರನೆಯದು ಚಿತ್ತವಾಡ್ಗಿಯಲ್ಲಿ, ಕಾಲುವೆಯ ದಂಡೆಗೆ. ನೀಲಮ್ಮ ಎಂಬ ಮುದುಕಿ ಒಬ್ಬಳೇ ಇದ್ದಳು. ಹಿಂದಿನ ಅರ್ಧ ಮನೆ ಬಾಡಿಗೆಗೆ. ಇವಳು ನನ್ನ ವಂಶ ಕೇಳಲಿಲ್ಲ, ಬಾ ಎಂದು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಹಾಗಾಗಿ ಆ ದಿನ ನಾನು ನೋಡಿದ ಒಂದೇ ಮನೆ ಅದು, ನೋಡಿದ್ದರಲ್ಲಿ ನನ್ನ ಪಾಲು ಏನೂ ಇಲ್ಲ.

ಅಡುಗೆಮನೆಗೆ ಕಿಟಕಿ ಇತ್ತು. ಒಲೆಯ ನೇರಕ್ಕೆ, ನಿಂತವರ ಎದೆಮಟ್ಟಕ್ಕೆ, ಎರಡು ಮರದ ಬಾಗಿಲಿನ ಕಿಟಕಿ. ತೆರೆದರೆ ಕರಿಬೇವಿನ ಗಿಡ, ಅದರಾಚೆ ಕಾಲುವೆ, ಕಾಲುವೆಯಲ್ಲಿ ಬಟ್ಟೆ ಒಗೆಯುವವರು. ಗಾಳಿ ಆ ಕಡೆಯಿಂದ ಒಳಗೆ ಬಂದು ಮೇಲಿನ ಬೆಳಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಅಕ್ಕ ಅಲ್ಲಿ ನಿಂತು ರೊಟ್ಟಿ ಬಡಿಯುವುದು ಕಣ್ಣಿಗೆ ಕಟ್ಟಿದಂತಾಯಿತು. ಅವಳ ಕಣ್ಣು ಕೆಂಪಗೆ ಇರಲಿಲ್ಲ.

ನೀಲಮ್ಮನಿಗೆ ಹಲ್ಲಿಲ್ಲ. ಎಲೆ-ಅಡಿಕೆಯನ್ನು ಪುಟ್ಟ ಕಲ್ಲಿನಲ್ಲಿ ಕುಟ್ಟಿ ತನಗೊಂದು ಉಂಡೆ, ನನಗೊಂದು ಉಂಡೆ ಮಾಡಿದಳು. ನಾನು ಬಾಯಿಗೆ ಹಾಕಿಕೊಂಡ ಮೇಲೆ, "ಮಾತಾತು ನೋಡು ತಮ್ಮಾ. ಇನ್ನ ಬ್ಯಾರೆ ಯಾರು ಬಂದ್ರೂ ನಾ ಮನಿ ಕೊಡಂಗಿಲ್ಲ, ನೀ ಬ್ಯಾರೆ ಮನಿ ನೋಡಂಗಿಲ್ಲ" ಎಂದಳು.

ಉಂಡೆಯನ್ನು ದವಡೆಗೆ ಒತ್ತಿ, ಎಲೆ ತಿಂದರೆ ಮಾತಾದಂತೆಯೇ ಎಂದು ಕೇಳಿದೆ.

"ಎತ್ತಿನ ಯಾಪಾರ ಮುಗಿದ ಮ್ಯಾಲೆ ನಿಮ್ಮ ಕಂಪ್ಲ್ಯಾಗ ಏನ್ ಕೊಡ್ತಾರ?"

"ಎಲಿ."

"ಹೆಣ್ಣು ಗೊತ್ತಾದ ಮ್ಯಾಲೆ?"

"ಎಲಿ."

"ಮತ್ತ ಮನಿಗೆ ಏನ್ ಹುಲ್ಲು ಕೊಡಬೇಕಿತ್ತೇನು?"

ಉಂಡೆ ಇಳಿದುಹೋಯಿತು. ನಾನು ಇಳಿಸಿದ್ದಲ್ಲ. ಬಿಕ್ಕಳಿಕೆ ಹತ್ತಿತು. ನಮ್ಮಪ್ಪ ಎತ್ತು ಮಾರಿದ್ದನ್ನು, ಅಕ್ಕನ ಮದುವೆ ಗೊತ್ತಾದದ್ದನ್ನು ನಾನೇ ನೋಡಿದ್ದೆ; ಎರಡೂ ಕಡೆ ಎಲೆ ತಿಂದದ್ದೂ ಹೌದು. ಹೆಣ್ಣಿಗೆ, ಎತ್ತಿಗೆ ನಡೆಯುವ ಮಾತು ಬಾಡಿಗೆಯ ಮನೆಗೂ ನಡೆಯುತ್ತದೆ ಎಂದು ಹೊಳೆದಿರಲಿಲ್ಲ. ಅಂದರೆ ಸೂರ್ಯ ನೆತ್ತಿಗೆ ಬರುವುದರೊಳಗೆ ನಾನು ಅಕ್ಕನಿಗೆ ಮೂರು ಮನೆ ಮಾಡಿದ್ದೆ. ಮುದುಕಿ ನೀರು ಕೊಡುತ್ತ, ಎಲೆಯ ಮಾತು ಮುರಿಯುವುದಕ್ಕೂ ದಾರಿ ಇದೆ ಎಂದು ತಾನಾಗಿಯೇ ಹೇಳಿದಳು. ಐದು ಎಲೆ, ಒಂದು ಅಡಿಕೆ ತಂದು, ಮೊದಲು ಎಲೆ ಕೊಟ್ಟವರ ಮುಂದೆ ಇಟ್ಟು, ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಯಾರೂ ಸಿಟ್ಟಾಗುವುದಿಲ್ಲ. ಹೇಳದೆ ಬಿಡುವುದು ಮಾತ್ರ ಕೆಟ್ಟದ್ದು.

ಎಷ್ಟು ಸುಲಭ ನೋಡಿ. ಬಜಾರಿಗೆ ಬಂದು ಹತ್ತು ಎಲೆ, ಎರಡು ಅಡಿಕೆ ಕೊಂಡೆ. ಪಂಪಣ್ಣನ ಅಂಗಡಿಯ ಮೂಲೆಯವರೆಗೆ ಹೋದೆ. ಅಲ್ಲಿ ಒಬ್ಬ ಓವರ್‌ಸಿಯರು ಮನೆ ಕೇಳುತ್ತಿದ್ದ. ಪಂಪಣ್ಣ ಅವನಿಗೆ, ಕಂಪ್ಲಿಯ ಒಬ್ಬ ದೊಡ್ಡ ಮನೆತನದ ಹುಡುಗನಿಗೆ ಕೊಟ್ಟಾಯಿತು, ಇನ್ನು ನೀವು ಆರು ರೂಪಾಯಿ ಕೊಟ್ಟರೂ ಆಗದು ಎನ್ನುತ್ತಿದ್ದ. ದೊಡ್ಡ ಮನೆತನ ಎಂದು ನನ್ನನ್ನು ಯಾರೂ ಅಂದಿರಲಿಲ್ಲ. ಆ ಮಾತನ್ನು ಸ್ವಲ್ಪ ಹೊತ್ತಾದರೂ ಇಟ್ಟುಕೊಳ್ಳೋಣ ಎನ್ನಿಸಿತು. ಹಾಗೆಯೇ ಹಿಂದಕ್ಕೆ ತಿರುಗಿ, ರುದ್ರಪ್ಪನವರ ಕಟ್ಟೆ ಕಾಣದಂತೆ ಸಂದಿಯಲ್ಲಿ ನುಗ್ಗಿ ಬಸ್ಸು ಹಿಡಿದೆ. ಕೈಯಲ್ಲಿ ಎಲೆಯ ಕಟ್ಟು ಇತ್ತು. ಊರಿಗೆ ಒಯ್ದರೆ ಯಾಕೆ ತಂದೆ ಎಂದು ಕೇಳುತ್ತಾರೆ. ಹತ್ತು ಎಲೆಯನ್ನೂ ಒಂದಾದ ಮೇಲೊಂದು ತಿಂದು ಮುಗಿಸಿದೆ. ಕಮಲಾಪುರದ ಹತ್ತಿರ ಬಸ್ಸು ನಿಲ್ಲಿಸಿ ನನ್ನನ್ನು ಇಳಿಸಬೇಕಾಯಿತು. ಹೊಟ್ಟೆ ತೊಳಸುವ ರೋಗ ಶುರುವಾದದ್ದು ಅಲ್ಲಿಂದ.

ಅಕ್ಕನಿಗೆ ಕಿಟಕಿಯ ವಿಷಯವೊಂದನ್ನೇ ಹೇಳಿದೆ. ಅವಳು ಅದನ್ನು ಮತ್ತೆ ಮತ್ತೆ ಕೇಳಿದಳು. ಎಷ್ಟು ಅಗಲ, ಬಾಗಿಲು ಒಂದೋ ಎರಡೋ, ಕರಿಬೇವು ಕೈಗೆ ನಿಲುಕುತ್ತದೆಯೋ. ನಿಲುಕುತ್ತದೆ ಎಂದೆ. ಅದು ಮಾತ್ರ ನಿಜ.

ಸೋಮವಾರ ಕಂಪ್ಲಿಯಿಂದ ನಸುಕಿನಲ್ಲೇ ಗಾಡಿ ಹೊರಟಿತು. ಹಂಡೆ, ಕೊಡ, ಬೀಸುವ ಕಲ್ಲು, ಹಾಸಿಗೆ ಸುರುಳಿ, ಅವುಗಳ ನಡುವೆ ಅಕ್ಕ. ಮಾವ ಒಂದು ದಿನದ ರಜೆ ಪಡೆದು ಬಂದಿದ್ದರು. ಹೊಸಪೇಟೆ ಹತ್ತಿರವಾದಂತೆ, ಸುತ್ತುದಾರಿಯಿಂದ ಹೋದರೆ ಗಾಳಿ ಚೆನ್ನಾಗಿರುತ್ತದೆ ಎಂದು ಹೇಳಿ ನೋಡಿದೆ. ಎತ್ತು ದಣಿದಿವೆ, ನೇರ ನಡೆ ಎಂದರು ಮಾವ.

ರುದ್ರಪ್ಪನವರು ಬಾಗಿಲಿಗೆ ತೋರಣ ಕಟ್ಟಿ ಕಾದಿದ್ದರು. ಬರ್ರಿ ಬರ್ರಿ ಎಂದು ಎತ್ತಿನ ಮೂಗುದಾರ ಹಿಡಿದೇಬಿಟ್ಟರು. ನಾನು ಓಡಿಹೋಗಿ, ಮೊದಲು ಒಳಗೆ ನೋಡಿ ಬರುತ್ತೇನೆ ಎಂದೆ. ಐದು ದಿನ ತಡವಾಗಿ ಮನೆ ನೋಡಿದೆ. ಬಾಡಿಗೆಯ ಕೋಣೆಗೆ ಅವರ ದೇವರಮನೆಯ ಮೂಲಕವೇ ಹೋಗಬೇಕು. ಸ್ನಾನವಾಗದೆ ದೇವರಮನೆ ದಾಟುವ ಹಾಗಿಲ್ಲ. ಬಚ್ಚಲು ಎಲ್ಲಿ ಎಂದು ಕೇಳಿದೆ. ಬಾಡಿಗೆಯ ಕೋಣೆಯ ಆಚೆ ಎಂದರು. ಒಳಗೆ ಹೋಗಲು ಸ್ನಾನ ಆಗಬೇಕು, ಸ್ನಾನ ಮಾಡಲು ಒಳಗೆ ಹೋಗಬೇಕು. ಹಿಂದಿದ್ದವರು ಏನು ಮಾಡುತ್ತಿದ್ದರು ಎಂದರೆ, ಅವರು ಹೊರಗೆ ಬರುತ್ತಲೇ ಇರಲಿಲ್ಲ ಎಂದರು.

ಈಗಲಾದರೂ ರುದ್ರಪ್ಪನವರಿಗೆ, ಇದು ನಮಗಾಗದು, ನನ್ನದೇ ತಪ್ಪು ಎನ್ನಬಹುದಿತ್ತು. ಸಂಬಂಧದವರು, ತೋರಣ ಬೇರೆ ಕಟ್ಟಿದ್ದಾರೆ. ನನ್ನ ನಾಲಿಗೆ ತಾನೇ ಒಂದು ದಾರಿ ಹುಡುಕಿಕೊಂಡಿತು.

"ನಾನು ಒಪ್ಪಿದ್ದೆ ಮಾವ. ಅಕ್ಕ ಒಲ್ಲೆ ಅಂತಾಳ್ರಿ."

ರುದ್ರಪ್ಪನವರು ಗಾಡಿಯಲ್ಲಿ ಕೂತ ಅಕ್ಕನನ್ನು ದೂರದಿಂದ ನೋಡಿದರು. ಅಕ್ಕ, ಪಾಪ, ಅವರಿಗೆ ಕೈಮುಗಿದು ನಕ್ಕಳು. ಅವರು ಮುಖ ತಿರುಗಿಸಿದರು. ಯಾರವರು ಎಂದು ಅಕ್ಕ ಕೇಳಿದಾಗ, ಪರಿಚಯದವರು, ಚಹಾಕ್ಕೆ ಕರೆದರು ಎಂದೆ.

ಬಜಾರಿನ ಹಿಂದೆ ಪಂಪಣ್ಣನ ಆಳುಗಳು ನಮ್ಮ ಹಂಡೆಗೆ ಕೈ ಹಾಕಿಯೇಬಿಟ್ಟಿದ್ದರು. ಅಂದು ಬೀಗ ತೆರೆದಿತ್ತು. ಇಣುಕಿದೆ. ನೆಲದಿಂದ ಮಾಳಿಗೆಯವರೆಗೆ ಶೇಂಗಾ ಮೂಟೆ. ಬಾಗಿಲ ಹತ್ತಿರ ಒಂದು ಚಾಪೆಯಷ್ಟು ಜಾಗ. ಬೆಲೆ ಏರಿದಂತೆ ಮೂಟೆ ಮಾರುತ್ತೇನೆ, ಮನೆ ದಿನದಿನಕ್ಕೆ ದೊಡ್ಡದಾಗುತ್ತದೆ, ಇಂಥ ಮನೆ ಎಲ್ಲಿ ಸಿಗುತ್ತದೆ ಎಂದ ಪಂಪಣ್ಣ. ಒಮ್ಮೆ ಹೇಳಿದ ಸುಳ್ಳನ್ನು ಎರಡನೆಯ ಸಲ ಹೇಳುವಾಗ ನಾಲಿಗೆ ತೊದಲುವುದಿಲ್ಲ ಎಂಬುದನ್ನು ನಾನು ಅಲ್ಲಿ ಕಲಿತೆ. ಅಕ್ಕ ಒಲ್ಲೆ ಅನ್ನುತ್ತಾಳೆ ಎಂದೆ. ಪಂಪಣ್ಣ ಸಿಟ್ಟಾಗಲಿಲ್ಲ, ಹೆಣ್ಣುಮಕ್ಕಳ ಮನಸ್ಸು ಎಂದು ಹಂಡೆಯನ್ನು ಮತ್ತೆ ಗಾಡಿಗೆ ಏರಿಸಲು ಹೇಳಿದ.

ಗಾಡಿ ಮುಂದೆ ಹೊರಟಾಗ ಅಕ್ಕ ನನ್ನನ್ನು ಹೆಮ್ಮೆಯಿಂದ ನೋಡಿದಳು. "ಒಂದು ದಿನದಾಗ ಊರೆಲ್ಲ ಗುರ್ತು ಮಾಡ್ಕೊಂಡೀಯಲ್ಲೋ ತಮ್ಮಾ. ನಮ್ಮ ಸಾಮಾನು ಇಳಿಸಾಕ ಮಂದಿ ಮೈಮ್ಯಾಲೆ ಬೀಳಾಕತ್ಯಾರ."

ಎತ್ತಿನ ಗಾಡಿ ನಿಧಾನ, ಹೊಸಪೇಟೆಯ ಸುದ್ದಿ ಜಲ್ದಿ. ನಾವು ಚಿತ್ತವಾಡ್ಗಿ ಮುಟ್ಟುವಷ್ಟರಲ್ಲಿ ನೀಲಮ್ಮ ಹೊಸ್ತಿಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ರುದ್ರಪ್ಪನವರ ಹೆಂಡತಿ ಅವಳಿಗೆ ತಂಗಿಯ ಮಗಳಾಗಬೇಕಂತೆ, ಸುದ್ದಿ ಅಲ್ಲಿಂದ ಬಂದಿತ್ತು. ನೀಲಮ್ಮ ನನ್ನ ಕಡೆ ನೋಡಲೇ ಇಲ್ಲ. ಗಾಡಿಯಿಂದ ಇಳಿದು, ಸೆರಗು ಸರಿಮಾಡಿಕೊಂಡು ಬಂದ ಅಕ್ಕನನ್ನು ನೋಡಿ ಹೇಳಿದಳು:

"ನಿನಗ ನಾ ಮನಿ ಕೊಡಂಗಿಲ್ಲವ್ವ. ರುದ್ರಪ್ಪನ ಮನಿ ಒಲ್ಲೆ ಅಂದಿ, ಪಂಪಣ್ಣನ ಮನಿ ಒಲ್ಲೆ ಅಂದಿ. ಎಲಿ ತಗೊಂಡ ಮಾತು ಮುರಿದಾಕಿ ನಾಳಿ ನನಗೂ ಒಲ್ಲೆ ಅಂತಿ."

"ನಾ ಯಾರ ಮನೀನೂ ನೋಡಿಲ್ರಿ ಅವ್ವಾರ," ಎಂದಳು ಅಕ್ಕ.

"ನೋಡದನ ಒಲ್ಲೆ ಅಂದ್ಯಾ? ಅದು ಇನ್ನೂ ಚಲೋ ಆತು."

ಬಾಗಿಲು ಹಾಕಿಕೊಂಡಳು. ಬಾಗಿಲ ಸಂದಿಯಿಂದ, ಮನೆಯ ಉದ್ದಕ್ಕೂ ಆಚೆ, ತೆರೆದ ಕಿಟಕಿಯ ಬೆಳಕು ಒಂದು ಕ್ಷಣ ಕಾಣಿಸಿತ್ತು. ಅಕ್ಕ ಅದನ್ನು ನೋಡಿದಳು. ಅವಳು ಆ ಕಿಟಕಿಯನ್ನು ನೋಡಿದ್ದು ಅಷ್ಟೇ.

ಮಾವ ನೆಲ ನೋಡುತ್ತಿದ್ದರು. ನಾನು ಎತ್ತಿನ ಕೊಂಬು ನೋಡುತ್ತಿದ್ದೆ. ಇದೇನು ತಮ್ಮಾ ಎಂದು ಅಕ್ಕ ಕೇಳಿದಳು. ಆಗ ಸುಮ್ಮನಿದ್ದಿದ್ದರೂ ಸಾಕಿತ್ತು. ಸುಮ್ಮನಿರಲಿಲ್ಲ.

"ನೀ ಕಿಟಕಿ ಬೇಕು ಅಂದಿದ್ಯಲ್ಲಕ್ಕ. ನಾ ಎಲ್ಲಾ ಕಡೆ ಹಂಗ ಕೇಳಿದೆ. ಬಾಡಿಗಿಗೆ ಬರಾಕಿಗೆ ಇಷ್ಟು ಸೊಕ್ಕು ಯಾಕ ಅಂತ ಊರಾಗ ಮಾತಾಗೇತಿ."

ಓದುವವರೇ, ನಾನು ಒಂದು ಕಡೆಯೂ ಕಿಟಕಿ ಕೇಳಿರಲಿಲ್ಲ. ಅಕ್ಕ ನಂಬಿದಳು. ತಾನು ಬಯಸಿದ್ದೇ ಹೆಚ್ಚಾಯಿತು ಎಂದರೆ ನಮ್ಮ ಅಕ್ಕಂದಿರು ಕೂಡಲೇ ನಂಬುತ್ತಾರೆ. ಅದಕ್ಕೆ ಸಾಕ್ಷಿ ಕೇಳುವುದಿಲ್ಲ. ಅವಳು ಗಾಡಿಯ ಹಲಗೆ ಹಿಡಿದು ನಿಂತು, ಹೌದು, ನಾನು ಕೇಳಬಾರದಿತ್ತು ಎಂದಳು.

ಕೊನೆಗೆ ಪಂಪಣ್ಣನ ಮನೆಗೇ ಗಾಡಿ ತಿರುಗಿತು. "ಈಗ ಮನಸು ಬಂತೇನವ್ವ?" ಎಂದು ಅವನು ನಗುತ್ತ ಕೇಳಿದ. ಏನು ಕೇಳುತ್ತಿದ್ದಾನೆಂದು ತಿಳಿಯದೆಯೇ ಅಕ್ಕ ಕೈಮುಗಿದು, ಬಂತ್ರಿ ಎಂದಳು.

ಆ ಮನೆಯ ಸಂಸಾರ ಹೇಳಿದರೆ ನೀವು ನಗುತ್ತೀರಿ. ನಗಿರಿ, ಅಕ್ಕನೂ ನಗುತ್ತಿದ್ದಳು. ಮಾವ ಏಣಿ ಹತ್ತಿ ಮೂಟೆಗಳ ಮೇಲೆ, ಮಾಳಿಗೆಯ ತೊಲೆಗೆ ಮೂಗು ತಾಗುವಂತೆ ಮಲಗುತ್ತಿದ್ದರು. ಹಗಲೆಲ್ಲ ಸಿಮೆಂಟಿನ ಚೀಲ, ಮನೆಗೆ ಬಂದರೆ ಶೇಂಗಾ ಚೀಲ. ಅವರು ಅವನ್ನೂ ಎಣಿಸುವುದಕ್ಕೆ ಶುರುಮಾಡಿ, ಒಂದು ಕಡಿಮೆ ಇದೆ ಎಂದು ಪಂಪಣ್ಣನಿಗೆ ಹೇಳಿ ಬಯ್ಯಿಸಿಕೊಂಡರು. ಬೆಲೆ ಏರಿದ ವಾರ ಮನೆಯಲ್ಲಿ ಒಂದು ಮೊಳ ಜಾಗ ಬರುತ್ತಿತ್ತು, ಹೊಸ ಫಸಲು ಬಂದ ವಾರ ಅದೂ ಹೋಗುತ್ತಿತ್ತು. ಇಲಿಗಳಂತೂ ನಮಗಿಂತ ಮೊದಲು ಎಲೆ ತಿಂದು ಮಾತಾದವುಗಳ ಹಾಗೆ ಓಡಾಡುತ್ತಿದ್ದವು. ಒಳಗೆ ಒಲೆ ಹಚ್ಚುವಂತಿರಲಿಲ್ಲ, ಕಿಡಿ ಬಿದ್ದರೆ ಕೆಟ್ಟಿತು. ಅಕ್ಕ ಬಾಗಿಲ ಮುಂದೆ, ಬೀದಿಗೆ ಮುಖ ಮಾಡಿ ಮೂರು ಕಲ್ಲು ಹೂಡಿದಳು. ಕಿಟಕಿ ಬೇಕು ಎಂದವಳಿಗೆ ಗೋಡೆಯೇ ಇಲ್ಲದ ಅಡುಗೆಮನೆ ಸಿಕ್ಕಿತು. ಹೋಗುವವರು ಬರುವವರು ಸಾರಿಗೆ ಉಪ್ಪು ಸಾಲದು, ಹುಳಿ ಹೆಚ್ಚಾಯಿತು ಎಂದು ಮೂಗಿನಿಂದಲೇ ಹೇಳಿ ಹೋಗುತ್ತಿದ್ದರು. ಗಾಳಿ ತಿರುಗಿದಾಗ ಹೊಗೆ ಮೊದಲಿನ ಹಾಗೆಯೇ ಅವಳ ಕಣ್ಣಿಗೆ ಬರುತ್ತಿತ್ತು.

ನೀರಿಗೆ ಹೋದಲ್ಲಿ ಹೆಂಗಸರು ಅವಳಿಗೆ ಒಲ್ಲೆ ಗಂಗವ್ವ ಎಂದು ಹೆಸರಿಟ್ಟರು. ಅವಳು ಒಂದು ಕೊಡ ಹೆಚ್ಚು ಹೊತ್ತು ತಂದು ಕೊಟ್ಟಳು, ಬಾಣಂತಿಯರಿಗೆ ಬಿಸಿನೀರು ಕಾಸಿದಳು, ಯಾರು ಏನು ಕೇಳಿದರೂ ಇಲ್ಲ ಎನ್ನಲಿಲ್ಲ. ಹೆಸರು ಹೋಗಲಿಲ್ಲ. ಎರಡು ವರ್ಷದ ಮೇಲೆ ಡ್ಯಾಮಿನ ಕ್ಯಾಂಪಿನಲ್ಲಿ ಮನೆ ಸಿಕ್ಕಿತು. ಹೆಸರು ಅಲ್ಲಿಗೂ ಬಂತು. ಆಮೇಲೆ ಸ್ವಂತ ಮನೆಯಾಯಿತು, ಮಕ್ಕಳಾದವು, ಮಾವ ತೀರಿಹೋದರು. ಈಗ ಆ ಹೆಸರು ಕರೆಯುವವರೂ ಹೆಚ್ಚು ಉಳಿದಿಲ್ಲ. ಆದರೆ ಮದುವೆಯಾಗಿ ಹೋಗುವ ಹುಡುಗಿಯರಿಗೆಲ್ಲ ಅಕ್ಕ ಒಂದು ಬುದ್ಧಿಮಾತು ಹೇಳುತ್ತ ಬಂದಳು. ನನಗೆ ಇದು ಬೇಕು ಎಂದು ಬಾಯಿಬಿಟ್ಟು ಕೇಳಬೇಡಿ, ನಾನು ಕೇಳಿ ಕೆಟ್ಟೆ ಎಂದು. ನನ್ನ ಮಗಳಿಗೂ ಹೇಳಿದಳು. ನಾನು ಅಲ್ಲೇ ಚಪ್ಪರದ ಕಂಬಕ್ಕೆ ಬಾಳೆ ಕಟ್ಟುತ್ತಿದ್ದೆ. ಗಂಟು ಬಿಗಿಯಾಗಿದೆಯೇ ಎಂದು ಬಹಳ ಹೊತ್ತು ನೋಡಿದೆ.

ಹೋದ ವಾರ ಮೇಲಿನ ಕೋಣೆ ನೋಡಲು ಗಂಡ ಹೆಂಡತಿ ಬಂದರು, ಹೊಸದಾಗಿ ಮದುವೆಯಾದವರು. ಗಂಡ ಬಾಡಿಗೆ ಕೇಳಿ, ಎಲ್ಲ ಚೆನ್ನಾಗಿದೆ ಎಂದು ಮೆಟ್ಟಿಲ ಮೇಲಿಂದಲೇ ಹೇಳಿದ. ಅವನ ಮೇಲೆ ನನಗೆ ಒಂದು ಬಗೆಯ ಅಭಿಮಾನ ಹುಟ್ಟಿತು. ಹುಡುಗಿ ಮಾತ್ರ ಒಳಗೆಲ್ಲ ತಿರುಗಿ ನೋಡಿ ಬಂದು, ಅಕ್ಕನ ಮುಂದೆ ನಿಂತು, ಅಡುಗೆಮನೆಯಲ್ಲಿ ಡಬ್ಬಿ ಇಡಲು ಒಂದು ಹಲಗೆ ಹೊಡೆಸಿಕೊಡುತ್ತೀರಾ ಎಂದು ಮೆಲ್ಲಗೆ ಕೇಳಿದಳು.

"ಹೊಡಸ್ತೀನವ್ವ, ಅದಕ್ಕೇನು," ಎಂದಳು ಅಕ್ಕ. ಆಮೇಲೆ ಹುಡುಗಿಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ಆದ್ರ ಬ್ಯಾರೆ ಕಡೆ ಹೋದಾಗ ಹಿಂಗ ಕೇಳಬ್ಯಾಡ. ಮಂದಿ ಸೊಕ್ಕು ಅಂತಾರ. ನಾ ನಿನ್ನ ವಯಸ್ಸಿನ್ಯಾಗ ಒಂದು ಕಿಟಕಿ ಕೇಳಿದ್ದೆ."

ಹುಡುಗಿ ತಲೆ ತಗ್ಗಿಸಿದಳು. ಹಲಗೆ ಬೇಡ ಬಿಡಿ, ಇಲ್ಲದಿದ್ದರೂ ನಡೆಯುತ್ತದೆ ಎಂದಳು.

ಅಕ್ಕನ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೆ. ಅದನ್ನು ಕೇಳಿ ಒಬ್ಬಳು ತನ್ನ ಬಯಕೆಯನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಕಣ್ಣೆದುರು ಕಂಡದ್ದು ಅದೇ ಮೊದಲು. ಕಂಪ್ಲಿಯಿಂದ ಹೊರಟ ಆ ಗಾಡಿ ಇನ್ನೂ ನಿಂತಿಲ್ಲ, ಮನೆ ಮನೆ ತಿರುಗುತ್ತಲೇ ಇದೆ ಎನ್ನಿಸಿತು. ಎದ್ದು ನಿಂತೆ. ನಿಂತದ್ದು ಯಾಕೆಂದು ನನಗೇ ತಿಳಿಯದೆ ಮತ್ತೆ ಕೂತೆ. ಏನಾತೋ ನಿನಗ ಎಂದು ಅಕ್ಕ ಕೇಳಿದಳು. ಅಪರಿಚಿತರ ಎದುರಿಗೆ, ಹುಡುಗಿಗೂ ಕೇಳಿಸುವ ಹಾಗೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ:

"ಗಂಗಕ್ಕ, ನೀ ಕೇಳಿದ್ದರಾಗ ತಪ್ಪಿದ್ದಿಲ್ಲ. ನೀ ಕಿಟಕಿ ಕೇಳಿದ್ದಕ್ಕ ಮನಿ ಹೋಗಲಿಲ್ಲ. ಕಿಟಕಿ ಮಾತು ನಾ ಯಾರ ಮುಂದೂ ತಗದೇ ಇಲ್ಲ. ಒಂದೇ ದಿನ ಮೂರು ಕಡೆ ಎಲಿ ತಿಂದಾವ ನಾನು. ಒಲ್ಲೆ ಅನ್ನಾಕ ಧೈರ್ಯ ಸಾಲದ, ನಿನ್ನ ಹೆಸರು ಹೇಳಿ ಒಲ್ಲೆ ಅಂದಾವನೂ ನಾನ. ನೀ ಒಂದು ಮನೀನೂ ಒಲ್ಲೆ ಅಂದಾಕಿ ಅಲ್ಲಕ್ಕ. ನಂದು ತಪ್ಪಾತು."